17 ಗಂಟೆಯ ದೂರ

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೊರಟಾಗ, ಇಲ್ಲಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಬ್ಬವೋ ಹಬ್ಬ. ಪೈಲಟ್‌ಗಳೆಲ್ಲ ಮಹಿಳೆಯರು, ದಾರಿ ಉತ್ತರ ಧ್ರುವದ ಮೇಲೆ, ಸುಮಾರು 14,000 ಕಿಲೋಮೀಟರ್. ಭೂಮಿಯ ಮೇಲೆ ಯಾವುದೇ ಎರಡು ಊರುಗಳು ಹೆಚ್ಚೆಂದರೆ 20,000 ಕಿ.ಮೀ. ದೂರ ಇರಬಹುದು, ಅದರಲ್ಲಿ ಹತ್ತಕ್ಕೆ ಏಳು ಪಾಲು ನನಗೂ ಅಮ್ಮನಿಗೂ ನಡುವೆ. ಆದರೂ ಮಲ್ಲೇಶ್ವರಕ್ಕೆ ಫೋನ್ ಮಾಡಿ, “ಬರೀ 17 ಗಂಟೆ ಅಮ್ಮಾ. ಏನಾದ್ರೂ ಆದ್ರೆ ಬಂದ್ಬಿಡ್ತೀನಿ” ಅಂದಿದ್ದೆ.

ಕಳೆದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಆಪರೇಷನ್ ಆಯಿತು. ನನಗೆ ಗೊತ್ತಾಗಿದ್ದು ನಾಲ್ಕನೇ ದಿನ. ಅಕ್ಕನ ಮೇಲೆ ರೇಗಿದೆ. ಅಮ್ಮ ಫೋನ್ ಇಸ್ಕೊಂಡು, “ನಾನೇ ಬೇಡ ಅಂದೆ ಕಣೋ. ಹೇಳಿದ್ರೆ ಎಲ್ಲಾ ಬಿಟ್ಟು ಬಂದ್ಬಿಡ್ತೀಯ ಅಂತ” ಅಂದಳು.

ಬರ್ತಿದ್ನಾ? ಆ ವಾರ ಆಫೀಸಿನಲ್ಲಿ ರಿಲೀಸ್ ಇತ್ತು. “ಡಾಕ್ಟರ್ ಏನಂತಾರೋ ನೋಡೋಣ, ಅಕ್ಕ ಇದ್ದಾಳಲ್ಲ” ಅನ್ನುತ್ತಿದ್ದೆನೇನೋ.

1888ರಲ್ಲಿ ಓದಲು ಲಂಡನ್ನಿಗೆ ಹಡಗು ಹತ್ತಿದ ಗಾಂಧೀಜಿಗೆ ತಾಯಿ ತೀರಿಕೊಂಡ ಸುದ್ದಿ ತಿಳಿದದ್ದು 1891ರಲ್ಲಿ ಮುಂಬೈಗೆ ಮರಳಿದ ಮೇಲೆ. ಅಣ್ಣ ಬೇಕೆಂದೇ ತಿಳಿಸಿರಲಿಲ್ಲ. ತಿಳಿಸಿದ್ದರೂ ಕಾಗದ ತಲುಪಲು ವಾರಗಳು, ಹಡಗಿನಲ್ಲಿ ಬರಲು ಮತ್ತೆ ವಾರಗಳು. ಬರಲಾಗದಿದ್ದರೆ ಅದು ಸಮುದ್ರದ ತಪ್ಪು, ಮಗನದಲ್ಲ. ವಿಮಾನ ನಮ್ಮಿಂದ ಆ ಸಮುದ್ರವನ್ನು ಕಿತ್ತುಕೊಂಡಿದೆ. ಈಗ ‘ಬರೋಕಾಗಲಿಲ್ಲ’ ಎಂದಾಗಲೆಲ್ಲ, ಎಷ್ಟೋ ಸಲ ಅದರೊಳಗೆ ‘ಬರಲಿಲ್ಲ’ ಅನ್ನುವುದೂ ಇರುತ್ತದೆ.

ಹಾಗಂತ, ಬರಲು ಸಾಧ್ಯ ಅಂದಮಾತ್ರಕ್ಕೆ ಪ್ರತಿ ಸಲವೂ ಬರಲೇಬೇಕೇ? ಇಲ್ಲ ಅಂತಲೇ ನನಗನ್ನಿಸುತ್ತೆ. ರಜೆ, ವೀಸಾ, ಟಿಕೆಟ್ ದುಡ್ಡು, ಮಕ್ಕಳ ಸ್ಕೂಲು, ಇವೆಲ್ಲ ಸುಳ್ಳು ನೆಪಗಳೇನಲ್ಲ. ವೈಟ್‌ಫೀಲ್ಡ್‌ನಲ್ಲಿರುವ ಅಕ್ಕನಿಗೂ ಆ ಟ್ರಾಫಿಕ್ಕಿನಲ್ಲಿ ದಿನಾ ಮಲ್ಲೇಶ್ವರಕ್ಕೆ ಬರಲಾಗುವುದಿಲ್ಲ. ಆದರೆ ಬರಲಾಗದ ದಿನ “ಇವತ್ತು ಆಗಲ್ಲಮ್ಮಾ” ಅಂತ ಅವಳೇ ಬಾಯಿಬಿಟ್ಟು ಹೇಳುತ್ತಾಳೆ. ಅಮ್ಮನ ಬೇಜಾರನ್ನೂ ಅವಳೇ ಕೇಳಿಸಿಕೊಳ್ಳುತ್ತಾಳೆ. ನಾನು ಅಷ್ಟನ್ನೂ ಮಾಡಲಿಲ್ಲ. ಬರುವುದೋ ಬೇಡವೋ ಎಂದು ನಾನು ತೀರ್ಮಾನಿಸುವ ಪ್ರಸಂಗವೇ ಬಾರದಂತೆ, ಆಸ್ಪತ್ರೆಯ ಮಂಚದ ಮೇಲಿದ್ದ ಅಮ್ಮ ನೋಡಿಕೊಂಡಳು. ದೂರ ಇರುವವರ ಮೊದಲ ಕರ್ತವ್ಯ ಬರುವುದೇ ಇರಲಿಕ್ಕಿಲ್ಲ. ಬರದಿದ್ದರೆ, ಬರದೇ ಇದ್ದವನು ನಾನೇ ಎಂದು ಒಪ್ಪಿಕೊಳ್ಳುವುದು ಇರಬಹುದು.

ಮೊನ್ನೆ ಅಮ್ಮನಿಗೆ ಹೇಳಿದೆ: “ಇನ್ಮೇಲೆ ಏನೇ ಆದ್ರೂ ಮೊದಲನೇ ದಿನವೇ ಹೇಳು. ಬರೋಕಾಗಲ್ಲ ಅನ್ನೋದಿದ್ರೆ ನಾನೇ ಹೇಳ್ತೀನಿ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಸರಿ, ಊಟ ಆಯ್ತಾ?” ಅಂದಳು.

ಬಂದ್ಬಿಡ್ತೀನಿ ಅಂತ ಮಾತ್ರ ಈ ಸಲ ನಾನು ಹೇಳಲಿಲ್ಲ.