ಹುರಿದ ಬೀಜ ಮತ್ತು ಕಾಣದ ತಕ್ಕಡಿ

ಚಿಕ್ಕಮಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಬೆಳಗಿನ ಹೊತ್ತು ನಡೆದವರಿಗೆ ಅಲ್ಲಿನ ಗಾಳಿಯ ಪರಿಚಯ ಇದ್ದೇ ಇರುತ್ತದೆ. ನಾಮಫಲಕ ಕಣ್ಣಿಗೆ ಬೀಳುವ ಮೊದಲೇ ಹುರಿದ ಕಾಫಿಯ ಪರಿಮಳ ನಿಮ್ಮನ್ನು ಅಂಗಡಿಯ ಬಾಗಿಲಿಗೆ ಕರೆತಂದಿರುತ್ತದೆ. ಹಾಸನ, ಮಡಿಕೇರಿ, ಮೈಸೂರುಗಳಲ್ಲಿಯೂ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿಯೂ ಇಂತಹ ಅಂಗಡಿಗಳಿವೆ. ದೊಡ್ಡ ಕಂಪನಿಯ ಪೊಟ್ಟಣಗಳನ್ನು ತಂದು ಮಾರುವ ಅಂಗಡಿಗಳಲ್ಲ ಇವು. ಹಸಿ ಬೀಜವನ್ನು ಚೀಲಗಳಲ್ಲಿ ತರಿಸಿ, ತಾವೇ ಹುರಿದು, ನಿಮ್ಮೆದುರಿನಲ್ಲೇ ಪುಡಿ ಮಾಡಿ ಕೊಡುವಂಥವು. ಈಚಿನ ವರ್ಷಗಳಲ್ಲಿ ಯುವಕರು ತೆರೆದಿರುವ ಕೆಲವು ಕಾಫಿ ಅಂಗಡಿಗಳಲ್ಲಂತೂ ಹುರಿಯುವ ಯಂತ್ರವನ್ನು ಗಾಜಿನ ಹಿಂದೆ ನಿಲ್ಲಿಸಿರುತ್ತಾರೆ. ಪೊಟ್ಟಣದ ಮೇಲೆ ತೋಟದ ಹೆಸರು, ಬೀಜದ ತಳಿ, ಹುರಿದ ದಿನಾಂಕ ಎಲ್ಲವೂ ಇರುತ್ತವೆ.

ಅವಕಾಶ ಸಿಕ್ಕರೆ ಒಮ್ಮೆ ನಿಂತು ನೋಡಿ. ನಸುಹಸಿರು ಬಣ್ಣದ ಹಸಿ ಬೀಜಕ್ಕೆ ನಾವು ಬಲ್ಲ ಕಾಫಿಯ ವಾಸನೆಯೇ ಇಲ್ಲ. ಮೂಸಿದರೆ ಒಣಹುಲ್ಲಿನ ನೆನಪಾಗುತ್ತದೆ. ಬಿಸಿಯಾದ ಉರುಳೆಯೊಳಗೆ ಅದು ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಸುಮಾರು 200 ಡಿಗ್ರಿ ಶಾಖದ ಆಸುಪಾಸಿನಲ್ಲಿ ಚಟಪಟನೆ ಸಿಡಿಯತೊಡಗುತ್ತದೆ. ಅಲ್ಲಿಂದ ಮುಂದೆ ಉಳಿಯುವುದು ಕೆಲವೇ ನಿಮಿಷಗಳ ಮಾತು. ಹುರಿಯುವವನು ಆ ಹೊತ್ತಿನಲ್ಲಿ ಯಾರೊಡನೆಯೂ ಮಾತಾಡುವುದಿಲ್ಲ. ಕಿವಿ ಸಿಡಿಯುವ ಸದ್ದಿನ ಮೇಲೆ, ಕಣ್ಣು ಬಣ್ಣದ ಮೇಲೆ. ಇಷ್ಟೆಲ್ಲ ಆಗುವಾಗ ಒಂದು ಕಿಲೋ ಬೀಜ ಸುಮಾರು 850 ಗ್ರಾಂಗೆ, ಹೆಚ್ಚು ಹುರಿದರೆ ಅದಕ್ಕೂ ಕಡಿಮೆಗೆ ಇಳಿಯುತ್ತದೆ. ತೂಕ ಹೋದಷ್ಟೂ ಅಂಗಡಿಯವನ ಕೈಯಿಂದಲೇ ಹೋಯಿತು.

ಇಷ್ಟನ್ನು ಕಣ್ಣಾರೆ ಕಂಡ ಮೇಲೆ, ಇಲ್ಲಿ ಮೋಸವಿಲ್ಲ ಎಂಬ ಸಮಾಧಾನ ನಮ್ಮಲ್ಲಿ ಮೂಡುವುದು ಸಹಜ. ಆದರೆ ಪ್ರಿಯ ಓದುಗರೇ, ಈ ಸಮಾಧಾನ ಎಷ್ಟು ದೂರ ನಮ್ಮನ್ನು ಕೊಂಡೊಯ್ಯಬಲ್ಲದು?

ಚಿಕೋರಿಯ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಅದೊಂದು ಬೇರು, ಒಣಗಿಸಿ, ಹುರಿದು, ಪುಡಿ ಮಾಡಿ ಕಾಫಿಗೆ ಬೆರೆಸುತ್ತಾರೆ. ಡಿಕಾಕ್ಷನ್‌ಗೆ ಗಾಢವಾದ ಬಣ್ಣವನ್ನೂ ಮಂದವನ್ನೂ ಕೊಡುವ ಈ ಬೇರಿನ ಬೆಲೆ ಕಾಫಿಗಿಂತ ಕಡಿಮೆ. ಚಿಕೋರಿ ಬೆರೆಸುವುದೇ ತಪ್ಪೆಂದು ನಾನು ಹೇಳಲಾರೆ. ನಮ್ಮ ಎಷ್ಟೋ ಮನೆಗಳ ನಾಲಗೆ ಆ ರುಚಿಗೇ ಒಗ್ಗಿಕೊಂಡಿದೆ, ಅದಿಲ್ಲದ ಕಾಫಿ ನೀರಾಗಿದೆ ಎಂದು ಹಿರಿಯರು ಮುಖ ಸಿಂಡರಿಸುವುದೂ ಉಂಟು. ಮಿಶ್ರಣದಲ್ಲಿ ಶೇಕಡಾ 51ಕ್ಕಿಂತ ಕಡಿಮೆ ಕಾಫಿ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ನಮ್ಮ ದೇಶದ ಆಹಾರ ನಿಯಮ. ನೀವು 80ಕ್ಕೆ 20 ಎಂದು ಹೇಳುತ್ತೀರಿ, ಅವರು ಬೆರೆಸಿ ಕೊಡುತ್ತಾರೆ. ಪುಡಿಯಾದ ಮೇಲೆ ಎರಡೂ ಒಂದೇ ಬಣ್ಣ. ಗಾಜಿನ ಲೋಟದ ತಣ್ಣೀರಿನ ಮೇಲೆ ಪುಡಿಯನ್ನು ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಬಣ್ಣ ಬಿಡುತ್ತ ಮುಳುಗುತ್ತದೆ. ಆದರೆ ಅದು 20 ಭಾಗವೋ 30 ಭಾಗವೋ ಎಂಬುದನ್ನು ಆ ಲೋಟ ಹೇಳಲಾರದು. ಅಲ್ಲಿ ಉಳಿಯುವುದು ಅಂಗಡಿಯವರ ಮಾತು ಮಾತ್ರ. ಕಂಡದ್ದನ್ನಷ್ಟೇ ಒಪ್ಪುವವನು ಯಾರನ್ನೂ ನಂಬಿದಂತಾಗಲಿಲ್ಲ, ತನ್ನ ಕಣ್ಣನ್ನು ನಂಬಿದ್ದಾನೆ, ಅಷ್ಟೇ. ನಂಬಿಕೆಯ ಕೆಲಸ ಶುರುವಾಗುವುದು ಕಣ್ಣು ಸೋತ ಜಾಗದಲ್ಲಿ.

ಹಾಗಾದರೆ ಪ್ರಾಮಾಣಿಕತೆಯ ಹೊರೆಯೆಲ್ಲ ಮಾರುವವನದೇ? ನನಗೆ ಹಾಗೆ ತೋರುವುದಿಲ್ಲ. 2024ರಲ್ಲಿ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು ಕಾಫಿಯ ಬೆಲೆ ಜಗತ್ತಿನಾದ್ಯಂತ ಏರಿತು. 2025ರ ಆರಂಭದಲ್ಲಿ ಅರೇಬಿಕಾ ಬೀಜದ ಧಾರಣೆ ಹಿಂದೆಂದೂ ಕಾಣದ ಎತ್ತರವನ್ನು ಮುಟ್ಟಿತು. ಅಂತಹ ದಿನಗಳಲ್ಲಿ ಸಣ್ಣ ಅಂಗಡಿಯವನ ಮುಂದಿರುವ ದಾರಿಗಳು ಎರಡೇ: ಬೆಲೆ ಏರಿಸಿ ಗಿರಾಕಿಯ ಮುನಿಸನ್ನು ಹೊರುವುದು, ಇಲ್ಲವೇ ಸದ್ದಿಲ್ಲದೆ ಒಂದು ಹಿಡಿ ಚಿಕೋರಿಯನ್ನು ಹೆಚ್ಚಿಸುವುದು. ಆಗ "ಅದೆಲ್ಲ ಗೊತ್ತಿಲ್ಲ, ಹಳೆಯ ಬೆಲೆಗೇ ಕೊಡಿ" ಎಂದು ಪಟ್ಟು ಹಿಡಿಯುವ ಗಿರಾಕಿ ಕೇಳುತ್ತಿರುವುದಾದರೂ ಏನನ್ನು? ಸುಳ್ಳನ್ನೇ ಕೇಳುತ್ತಿದ್ದಾನೆ, ಅದನ್ನು ತನಗೆ ತಿಳಿಯದಂತೆ ಬಡಿಸಿ ಎನ್ನುತ್ತಿದ್ದಾನೆ. ಮದುವೆಗೋ ಹಬ್ಬಕ್ಕೋ ಹತ್ತು ಕಿಲೋ ಪುಡಿ ಕೊಳ್ಳುವಾಗ ನಾವು ಚೌಕಾಸಿ ಮಾಡುವ ರೀತಿಯನ್ನು ಮನೆಯಲ್ಲಿ ಕುಳಿತು ಒಮ್ಮೆ ನೆನೆಯಬಹುದು. ಮೋಸಹೋದೆವೆಂದು ಆಮೇಲೆ ದೂರುವ ಹಕ್ಕನ್ನು ಕೆಲವೊಮ್ಮೆ ನಾವೇ ಮಾರಿಕೊಂಡಿರುತ್ತೇವೆ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಅಂಗಡಿಯಲ್ಲಿ ತಕ್ಕಡಿಯ ಮುಖ ನಮ್ಮ ಕಡೆಗಿರುತ್ತದೆ. ಅಂಕಿ ಸೊನ್ನೆಯಲ್ಲಿ ನಿಂತಿತೇ ಎಂದು ನೋಡಿಯೇ ನಾವು ತೂಗಿಸಿಕೊಳ್ಳುತ್ತೇವೆ, ಹಾಗೆ ನೋಡಬೇಕಾದದ್ದೇ. ಆದರೆ ಆ ಬೀಜ ಅಂಗಡಿಗೆ ಬರುವ ಮೊದಲು ಇನ್ನೊಂದು ತಕ್ಕಡಿಯನ್ನು ಏರಿ ಇಳಿದಿರುತ್ತದೆ. ಕಾಫಿಯ ಹಣ್ಣು ಒಂದೇ ದಿನ ಮಾಗುವುದಿಲ್ಲ. ಕೆಂಪಾದದ್ದನ್ನು ಆರಿಸಿ, ಕಾಯನ್ನು ಗಿಡದಲ್ಲೇ ಬಿಟ್ಟು, ಮತ್ತೆ ಮತ್ತೆ ಅದೇ ಗಿಡಕ್ಕೆ ಬರಬೇಕು. ನಮ್ಮ ಲೋಟದ ರುಚಿಯಲ್ಲಿ ಹುರಿಯುವವನ ಕೌಶಲಕ್ಕೆ ಎಷ್ಟು ಪಾಲೋ, ಆ ಕೈಗಳ ತಾಳ್ಮೆಗೂ ಅಷ್ಟೇ ಪಾಲು. ಕುಯ್ಲಿನ ದಿನಗಳಲ್ಲಿ ಅನೇಕ ತೋಟಗಳಲ್ಲಿ ಕೂಲಿ ಸಿಗುವುದು ಕಿಲೋ ಲೆಕ್ಕದಲ್ಲಿ. ಸಂಜೆ ಚೀಲ ಹೊತ್ತು ತಂದು ಸಾಲಿನಲ್ಲಿ ನಿಲ್ಲುವ ಹೆಂಗಸಿಗೆ, ಅಸ್ಸಾಮಿನಿಂದ ಬಂದು ಕನ್ನಡದ ಅಂಕಿಯೂ ತಿಳಿಯದೆ ನಿಂತ ಯುವಕನಿಗೆ, ಆ ತಕ್ಕಡಿಯ ಮುಖ ಕಾಣುತ್ತದೆಯೇ? ಚೀಲದ ತೂಕವೆಂದು ಎಷ್ಟು ಕಳೆದರು, ಪುಸ್ತಕದಲ್ಲಿ ಎಷ್ಟು ಬರೆದರು ಎಂದು ಕೇಳುವ ಧೈರ್ಯ ಅವರಿಗೆ ಇದೆಯೇ?

ಸರಿಯಾಗಿ ತೂಗುವ ತೋಟಗಳಿವೆ. ತೂಗಿದ್ದನ್ನು ಗಟ್ಟಿಯಾಗಿ ಹೇಳಿ, ಆಳಿನ ಮುಂದೆಯೇ ಬರೆಯುವ ರೈಟರುಗಳೂ ಇದ್ದಾರೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಿಗೆ ಕಾಫಿ ತೋಟದ ನಂಟುಂಟು. ಕೆಲವರದು ತೋಟ, ಕೆಲವರದು ಲೆಕ್ಕದ ಪುಸ್ತಕ, ಹಲವರದು ಚೀಲ. ಮುಂದಿನ ಕುಯ್ಲು ಆರಂಭವಾದಾಗ ನಿಮ್ಮ ತೋಟದ ತಕ್ಕಡಿ ಯಾರ ಕಡೆಗೆ ಮುಖ ಮಾಡಿ ನಿಂತಿರುತ್ತದೆ?