ಗತಕಾಲದ ದನಿ ಮತ್ತು ಇಂದಿನ ತೀರ್ಪು

1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ದನಿಯನ್ನು ಚಿಕ್ಕೋಡಿ ತಾಲೂಕಿನ ಕರೋಶಿಯಂಥ ಊರುಗಳ ಮನೆಗಳು ಹಲವು ದಶಕಗಳ ಕಾಲ ಕೇಳಿವೆ. ಸುದ್ದಿ ಓದುವವರು ಆ ಕ್ಷಣದಲ್ಲಿಯೇ ಎದುರು ಕುಳಿತು ಮಾತನಾಡುತ್ತಿರುವರೆಂಬುದು ಕೇಳುಗರ ಭಾವನೆ. ವಾಸ್ತವದಲ್ಲಿ ಅದೂ ಕಳೆದುಹೋದ ಕ್ಷಣದ ಮಾತೇ. ರೇಡಿಯೋ ತರಂಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಧಾರವಾಡದಿಂದ ಕರೋಶಿಯನ್ನು ಮುಟ್ಟಲು ಅದಕ್ಕೆ ಸೆಕೆಂಡಿನ ಸಾವಿರದ ಒಂದಂಶವೂ ಬೇಕಿಲ್ಲ. ಅಷ್ಟು ಸೂಕ್ಷ್ಮವಾದ ವಿಳಂಬವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ನಿಯಮ ಒಂದೇ: ಕೇಳಿಸುವುದೆಲ್ಲವೂ ಆಗಿಹೋದದ್ದು.

ದೂರ ಹೆಚ್ಚಿದಂತೆ ಈ ನಿಯಮದ ಗಾಂಭೀರ್ಯ ತಿಳಿಯುತ್ತದೆ. ಚಂದ್ರನಿಂದ ಬರುವ ಸಂಕೇತ ಒಂದೂಕಾಲು ಸೆಕೆಂಡಿನಷ್ಟು ಹಳೆಯದು. ಸೂರ್ಯನಿಂದ ಬರುವುದು ಎಂಟು ನಿಮಿಷಗಳಷ್ಟು ಹಳೆಯದು. ಪುಣೆ ಜಿಲ್ಲೆಯ ನಾರಾಯಣಗಾಂವದ ಬಳಿಯ ಖೋಡದ ಗ್ರಾಮವನ್ನು ಕೇಂದ್ರವಾಗಿಟ್ಟುಕೊಂಡು, ತಲಾ 45 ಮೀಟರ್ ಅಗಲದ 30 ಲೋಹದ ಬಟ್ಟಲುಗಳುಳ್ಳ ಬೃಹತ್ ರೇಡಿಯೋ ದೂರದರ್ಶಕವಿದೆ. ಅದು ಗ್ರಹಿಸಿದ ಒಂದು ಕ್ಷೀಣ ಸಂಕೇತವನ್ನು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಅರ್ನಬ್ ಚಕ್ರವರ್ತಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ 2023ರ ಜನವರಿಯಲ್ಲಿ ಲೋಕಕ್ಕೆ ತಿಳಿಸಿದರು. ಅತಿ ದೂರದ ಒಂದು ನಕ್ಷತ್ರಪುಂಜದ ಜಲಜನಕದಿಂದ ಅದು ಹೊರಟು ಸುಮಾರು 880 ಕೋಟಿ ವರ್ಷಗಳಾಗಿದ್ದವು. ಹೊರಟಾಗ 21 ಸೆಂಟಿಮೀಟರ್ ಇದ್ದ ತರಂಗದ ಉದ್ದ, ವಿಶ್ವವೇ ಹಿಗ್ಗುತ್ತ ಬಂದುದರಿಂದ ಇಲ್ಲಿಗೆ ಮುಟ್ಟುವಾಗ 48 ಸೆಂಟಿಮೀಟರ್ ಆಗಿತ್ತು. ಅದು ಹೊರಟ ಕಾಲಕ್ಕೆ ಈ ಭೂಮಿಯೇ ಹುಟ್ಟಿರಲಿಲ್ಲ.

ಆ ನಕ್ಷತ್ರಪುಂಜ ಇಂದು ಹೇಗಿದೆ? ಅದರ ಅನಿಲವೆಲ್ಲ ನಕ್ಷತ್ರಗಳಾಗಿ ಮಾರ್ಪಟ್ಟಿರಬಹುದು. ಅದು ಮತ್ತೊಂದರಲ್ಲಿ ಬೆರೆತಿರಲೂಬಹುದು. ಆದ್ದರಿಂದ ವಿಜ್ಞಾನಿಯು ‘ಅಲ್ಲಿ ಜಲಜನಕವಿತ್ತು’ ಎನ್ನುತ್ತಾನೆ, ‘ಇದೆ’ ಎನ್ನುವುದಿಲ್ಲ. ಒಂದು ಕ್ರಿಯಾಪದದ ಈ ಸಂಯಮ ಚಿಕ್ಕದಾಗಿ ಕಂಡರೂ ಸತ್ಯವ್ರತದ ದೃಷ್ಟಿಯಿಂದ ದೊಡ್ಡದು.

ತತ್ತ್ವಾರ್ಥಸೂತ್ರವು ಶಬ್ದವನ್ನು ಪುದ್ಗಲದ ಪರ್ಯಾಯವೆಂದು ಎಣಿಸಿದ ಕಾರಣದಿಂದ ರೇಡಿಯೋ ವಿದ್ಯೆಯೂ ಅಲ್ಲಿಯೇ ಅಡಗಿತ್ತೆಂದು ಹಿಗ್ಗುವ ಅವಶ್ಯಕತೆಯಿಲ್ಲ. ರೇಡಿಯೋ ತರಂಗವು ಶಬ್ದವೇ ಅಲ್ಲ. ಆ ಗ್ರಂಥದಿಂದ ಇಲ್ಲಿ ಪಡೆಯಬೇಕಾದುದು ಬೇರೊಂದು ವಿವೇಕ. ಸತ್ ಎಂಬುದು ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದುದು. ದ್ರವ್ಯ ಉಳಿಯುತ್ತದೆ, ಪರ್ಯಾಯಗಳು ಬದಲಾಗುತ್ತವೆ. ದೂರದಿಂದ ಬಂದ ಸಂದೇಶವು ಒಂದು ಪರ್ಯಾಯದ ವರದಿ ಮಾತ್ರ. ಅದನ್ನೇ ದ್ರವ್ಯದ ಸಮಗ್ರ ಸ್ವರೂಪವೆಂದು ಸಾರುವುದು ಏಕಾಂತದ ದೋಷ.

ಈ ದೋಷ ಆಕಾಶವನ್ನು ನೋಡುವಾಗ ಅಪರೂಪ, ನೆರೆಯವರನ್ನು ನೋಡುವಾಗ ನಿತ್ಯದ ಮಾತು. ಒಂದು ಊರಿನ ಬಸದಿಯ ನಡಾವಳಿ ಪುಸ್ತಕದಲ್ಲಿ ಮೂವತ್ತು ವರ್ಷಗಳ ಹಿಂದಿನ ಒಂದು ಠರಾವು ಇದೆಯೆಂದು ಕಲ್ಪಿಸಬಹುದು. ಆಗಿನ ಭಂಡಾರದ ಲೆಕ್ಕದಲ್ಲಿ ಹಣ ಕಡಿಮೆ ಬಂದುದಕ್ಕೆ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ ಬರೆದ ಠರಾವು. ಅದರಲ್ಲಿ ಸುಳ್ಳಿಲ್ಲ. ಇಂದು ಅವರು ವೃದ್ಧರು. ಪೂಜಾ ಸಮಿತಿಯಲ್ಲಿ ಸೇವೆ ಸಲ್ಲಿಸಲು ಮುಂದೆ ಬಂದಿದ್ದಾರೆ. ಸಭೆಯಲ್ಲಿ ಒಬ್ಬರು ಪುಸ್ತಕ ತೆರೆದು ‘ಈತ ಇಂಥವನು’ ಎನ್ನುತ್ತಾರೆ. ಪುಸ್ತಕ ಹೇಳಿದ್ದು ‘ಇಂಥದು ನಡೆದಿತ್ತು’ ಎಂದು. ‘ಇತ್ತು’ ಎಂಬುದನ್ನು ‘ಇದೆ’ ಎಂದು ತಿದ್ದಿದವರು ಓದಿದವರು. ನಡುವಣ ಮೂವತ್ತು ವರ್ಷಗಳು ಆ ಮಾತಿನಲ್ಲಿ ಅಳಿಸಿಹೋದವು.

ಕೇಳುವವನ ದೋಷ ಇನ್ನೊಂದೂ ಉಂಟು. 2018ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸ್ಥಾಪಿಸಿದ ಉಪಕರಣದ ಮೂಲಕ, ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಗುರುತು ದೊರೆಯಿತೆಂದು ಪ್ರಕಟಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಲು ‘ಸಾರಸ್’ ಎಂಬ ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿಯ ಕೆರೆಯ ಮೇಲೂ ಶರಾವತಿಯ ಹಿನ್ನೀರಿನ ಮೇಲೂ ತೇಲಿಸಿದರು. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು, ಕಲ್ಲುಗಳ ಪದರಗಳು ಅಳತೆಯನ್ನು ಕಲುಷಿತಗೊಳಿಸುತ್ತವೆ. ಏಕರೂಪವಾದ ನೀರಿನ ಮೇಲೆ ಆ ತೊಂದರೆ ಕಡಿಮೆ. 2022ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ: ಹೇಳಲಾದ ಗುರುತು ಕಾಣಲಿಲ್ಲ, ಮೊದಲಿನ ಅಳತೆಯಲ್ಲಿಯೇ ದೋಷ ಬೆರೆತಿದ್ದಿರಬೇಕು. ಪ್ರಾಮಾಣಿಕರಿಗೂ ತಮ್ಮ ಉಪಕರಣದ ಸದ್ದು ಗತಕಾಲದ ದನಿಯಾಗಿ ಕೇಳಿಸಬಹುದು. ಹಾಗಿರುವಾಗ ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳಿಂದ ಕಂಪಿಸುವ ಮನಸ್ಸು ಹಳೆಯ ಠರಾವಿನಲ್ಲಿ ಏನನ್ನು ಕೇಳಲಾರದು? ತೀರ್ಪು ನೀಡುವ ಮೊದಲು ತನ್ನ ಕಂಪನವನ್ನು ಕಳೆದು ನೋಡುವುದು ಕೇಳುವವನ ಕರ್ತವ್ಯ.

ಹಾಗಾದರೆ ತಪ್ಪು ಮಾಡಿದವನು ‘ಅದೆಲ್ಲ ಹಳೆಯ ಮಾತು’ ಎಂದು ಎದ್ದು ಹೋಗಬಹುದೇ? ಹೋಗಲಾಗದು. ಕಳುಹಿಸಿದವನು ಬದಲಾದರೂ ಹೊರಟ ಸಂಕೇತ ಹಿಂದಿರುಗುವುದಿಲ್ಲ. ಕರ್ಮಸಿದ್ಧಾಂತವೂ ಬಂಧಕ್ಕೂ ಉದಯಕ್ಕೂ ನಡುವೆ ಅಬಾಧಾಕಾಲವೆಂಬ ಮೌನದ ಅವಧಿಯನ್ನು ಹೇಳುತ್ತದೆ; ಆ ಮೌನವನ್ನು ಬಿಡುಗಡೆಯೆಂದು ತಿಳಿಯುವಂತಿಲ್ಲ. ಮೂವತ್ತು ವರ್ಷಗಳ ಹಿಂದೆ ನಷ್ಟಗೊಂಡ ವಿಶ್ವಾಸದ ನೋವು ಕೆಲವರನ್ನು ಇಂದು ಮುಟ್ಟುತ್ತಿರಬಹುದು. ಅವರ ಪಾಲಿಗೆ ಅದು ಹಳೆಯದಲ್ಲ. ಆದ್ದರಿಂದ ಬದಲಾದವನ ಹೊಣೆ ಮರೆಯಿರೆಂದು ಬೇಡುವುದಲ್ಲ. ತನ್ನ ಆಲೋಚನೆ, ಪ್ರತಿಕ್ರಮಣಗಳ ಹೊಸ ಮಾತನ್ನು ತಾನೇ ಕಳುಹಿಸುವುದು, ಸಾಧ್ಯವಾದುದನ್ನು ಹಿಂದಿರುಗಿಸುವುದು.

ಹೀಗೆ ಕರ್ತವ್ಯ ಎರಡು ಕಡೆಗೂ ಹಂಚಿಕೆಯಾಗುತ್ತದೆ. ಕೇಳುವವನು ‘ಇತ್ತು’ ಎಂಬಲ್ಲಿ ನಿಲ್ಲಬೇಕು. ಮಾಡಿದವನು ‘ನನ್ನಿಂದಲೇ’ ಎಂಬುದನ್ನು ಬಿಡಬಾರದು. ಒಂದನ್ನು ಮರೆತರೆ ಕ್ಷಮೆ ಇಲ್ಲ, ಇನ್ನೊಂದನ್ನು ಮರೆತರೆ ನ್ಯಾಯವಿಲ್ಲ. ಪರ್ಯೂಷಣದ ಕೊನೆಗೆ ಪರಸ್ಪರ ಕ್ಷಮೆ ಕೇಳುವ ಸಂಪ್ರದಾಯ ಈ ಎರಡನ್ನೂ ಒಂದೇ ದಿನ ಎದುರುಬದುರು ನಿಲ್ಲಿಸುತ್ತದೆ.

ನಡಾವಳಿ ಪುಸ್ತಕದ ಹಳೆಯ ಪುಟವನ್ನು ಹರಿಯಬೇಕಾಗಿಲ್ಲ; ಹರಿದರೆ ಅಸತ್ಯಕ್ಕೆ ದಾರಿ. ಆ ವೃದ್ಧರನ್ನು ಕರೆದು ಕೇಳಿ, ಅವರು ಹೇಳಿದುದನ್ನೂ ತೀರಿಸಿದುದನ್ನೂ ಇಂದಿನ ತಾರೀಖು ಹಾಕಿ ಇನ್ನೊಂದು ಪುಟದಲ್ಲಿ ಬರೆಯುವಷ್ಟು ಸ್ಥಳ ಆ ಪುಸ್ತಕದಲ್ಲಿ ಇರುತ್ತದೆ.