ನೆಗೆಟಿವ್‌ನಲ್ಲಿ ಅನುಭಾವ ಸಿಕ್ಕೀತೇ?

ಮನೆಯ ಟ್ರಂಕಿನಿಂದ ಹಳೆಯ ಫೋಟೋಗಳನ್ನು ಹೊರತೆಗೆದು, ಫಿಲ್ಮ್ ಕ್ಯಾಮೆರಾ ಹಿಡಿದು ಹಿರಿಯರ ಊರಿನ ಮಠ, ದರ್ಗಾ, ಗದ್ದುಗೆಗಳನ್ನು ಸುತ್ತಿ, ಮನೆತನದ ಚರಿತ್ರೆಯ ಮೂಲಕವೇ ಅನುಭಾವದ ಜಾಡು ಹಿಡಿಯಲು ಹೊರಟ ಕಲಾವಿದರು ನಮ್ಮ ಕಾಲದಲ್ಲಿದ್ದಾರೆ. ಮೊಬೈಲಿನಲ್ಲಿ ಕ್ಷಣಕ್ಕೊಂದು ಚಿತ್ರ ಸಿಗುವ ಹೊತ್ತಿನಲ್ಲಿ ಮತ್ತೆ ಡಾರ್ಕ್ ರೂಮಿನಲ್ಲಿ ರೀಲು ತೊಳೆಯಲು ಕೂತವರ ಶ್ರದ್ಧೆ ದೊಡ್ಡದು. ಆದರೆ ಈ ಕೆಲಸದ ಹಿಂದೆ ಎರಡು ನಂಬಿಕೆಗಳಿವೆ. ಅಜ್ಜನೋ ಮುತ್ತಜ್ಜಿಯೋ ಕಂಡ ಕಾಣ್ಕೆ ರಕ್ತದಲ್ಲಿ ಇಳಿದು ಬಂದಿದೆ ಎಂಬುದು ಒಂದು. ಬೆಳಕು ನೇರವಾಗಿ ತಾಗಿ ಮೂಡುವ ಫಿಲ್ಮ್ ಆ ಕಾಣ್ಕೆಯನ್ನು ಹಿಡಿದಿಡಬಲ್ಲದು ಎಂಬುದು ಇನ್ನೊಂದು. ಇವೆರಡೂ ನಿಲ್ಲುವುದಿಲ್ಲ, ಆದರೂ ಆ ಕಲೆ ವ್ಯರ್ಥವಲ್ಲ ಎಂಬುದು ನನ್ನ ವಾದ. ಇದನ್ನು ಒರೆಗೆ ಹಚ್ಚಲು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಕ್ಕ ಜಾಗಗಳು. ನೆರೆಹೊರೆಯ ಈ ಎರಡು ಊರುಗಳು ಮನೆತನಕ್ಕೂ ಅನುಭಾವಕ್ಕೂ ಇರುವ ನಂಟಿನ ಬಗ್ಗೆ ಬೇರೆಬೇರೆ ರೀತಿಯಲ್ಲಿ ಯೋಚಿಸಿವೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಸೇರಿದ ಶರಣರನ್ನು ನೋಡಿ. ಜನಿವಾರ ಬೇಡವೆಂದು ಬಸವಣ್ಣ ಬಾಗೇವಾಡಿಯ ಮನೆ ಬಿಟ್ಟವನು. ಅಕ್ಕಮಹಾದೇವಿ ಉಡುತಡಿಯನ್ನೂ ಗಂಡನ ಮನೆಯನ್ನೂ ಬಿಟ್ಟು ಬಂದವಳು. ಬಳ್ಳಿಗಾವೆಯ ಅಲ್ಲಮ ಯಾವ ವಂಶದ ಬಲದಿಂದಲೂ ಶೂನ್ಯ ಸಿಂಹಾಸನ ಏರಿದವನಲ್ಲ. ಇವರ ಕೂಟದಲ್ಲಿ ತಂದೆತಾಯಿ, ಅಣ್ಣತಮ್ಮ ಎಂಬ ಮಾತುಗಳು ಹುಟ್ಟಿನ ಮನೆಯಿಂದ ಬಿಡಿಸಿಕೊಂಡು ಶರಣರ ನಡುವೆ ಹೊಸದಾಗಿ ಬೇರೂರಿದವು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆಯಾದಾಗ ಬಿಜ್ಜಳನ ರಾಜ್ಯ ಬೀಗರಿಬ್ಬರಿಗೂ ಘೋರ ಮರಣದಂಡನೆ ಕೊಟ್ಟಿತೆಂದು ಪರಂಪರೆ ಹೇಳುತ್ತದೆ. ರಕ್ತದ ಲೆಕ್ಕವನ್ನು ಮೀರಿದ್ದೇ ಅಲ್ಲಿ ಅಪರಾಧವಾಗಿತ್ತು. ಹರಳಯ್ಯನ ಗವಿ ಬಸವಕಲ್ಯಾಣದಲ್ಲಿ ಇಂದಿಗೂ ಇದೆ. ಅದರ ಮುಂದೆ ನಿಂತು ಅನುಭಾವವನ್ನು ವಂಶದ ಆಸ್ತಿ ಎನ್ನುವುದು ಆ ಸಾವುಗಳಿಗೆ ಬೆನ್ನು ತಿರುಗಿಸಿದಂತೆ.

ಹುಮನಾಬಾದ್ ಇದಕ್ಕೆ ಉತ್ತರ ಕೊಡುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. 1817ರಲ್ಲಿ ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಹುಟ್ಟಿ, ಕಲ್ಯಾಣದಲ್ಲೇ ಬೆಳೆದ ಮಾಣಿಕ ಪ್ರಭುಗಳು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆನಿಂತು, 1865ರಲ್ಲಿ ಅಲ್ಲೇ ಸಂಜೀವಿನಿ ಸಮಾಧಿ ಪಡೆದರು. ಸಕಲಮತವೆಂಬ ಅವರ ಸಿದ್ಧಾಂತದ ನೆರಳಿಗೆ ದತ್ತಭಕ್ತರೂ ಲಿಂಗಾಯತರೂ ಮುಸಲ್ಮಾನರೂ ಬಂದರು. ಅವರ ನಂತರ ಗಾದಿ ಅದೇ ಮನೆತನದಲ್ಲಿ ಮುಂದುವರಿಯಿತು, ಇಂದಿಗೂ ಮುಂದುವರಿದಿದೆ. ಹಾಗಾದರೆ ಅನುಭಾವಕ್ಕೆ ಮನೆತನವೇ ಕಾಲುವೆಯಾದ ಉದಾಹರಣೆ ಇಲ್ಲಿದೆಯಲ್ಲ ಎಂದು ಕೇಳಬಹುದು. ಆದರೆ ಆ ಕಾಲುವೆಯಲ್ಲಿ ಹರಿದದ್ದೇನು ಎಂದು ನೋಡಬೇಕು. ಪ್ರಭುಗಳು ಬ್ರಹ್ಮಚಾರಿ, ಅವರಿಗೆ ಮಕ್ಕಳಿರಲಿಲ್ಲ. ಗಾದಿಯ ಜೊತೆ ಇಳಿದು ಬಂದದ್ದು ಸಮಾಧಿಯ ಸೇವೆ, ದತ್ತ ಜಯಂತಿಯ ದರ್ಬಾರು, ಹಾಡುಗಳ ಸಂಗ್ರಹ, ಬಂದವರಿಗೆ ಅನ್ನ ಇಡುವ ಹೊಣೆ. ಅದೇ ಪೀಠದ ಮಾರ್ತಾಂಡ ಮಾಣಿಕ ಪ್ರಭುಗಳು ವೇದಾಂತವನ್ನು ಬೋಧಿಸಿದರು. ಆತ್ಮಜ್ಞಾನ ಹುಟ್ಟಿನಿಂದ ಬರುತ್ತದೆಂದು ಯಾವ ವೇದಾಂತವೂ ಹೇಳುವುದಿಲ್ಲ. ಮನೆತನ ಹೊತ್ತು ತರುವುದು ಹೊಣೆಯನ್ನು. ಇದು ಸಣ್ಣದಲ್ಲ, ಮತ್ತು ಮನೆತನದ ಚರಿತ್ರೆಯನ್ನು ಕೆದಕುವ ಕಲಾವಿದನಿಗೆ ನಿಜವಾಗಿ ದಕ್ಕುವುದೂ ಇದೇ.

ಇನ್ನು ಫಿಲ್ಮಿನ ಮಾತು. ಅಜ್ಜನ ಮುಖದಿಂದ ಚಿಮ್ಮಿದ ಬೆಳಕೇ ಬೆಳ್ಳಿಯ ಲವಣವನ್ನು ತಾಗಿ ಬದಲಿಸಿತು, ಆದ್ದರಿಂದ ನೆಗೆಟಿವ್ ಅಜ್ಜನ ಇರವಿನ ಒಂದು ತುಣುಕು ಎನ್ನುತ್ತಾರೆ. ಮೈಯ ಮಟ್ಟಿಗೆ ಇದು ನಿಜ. ನಮ್ಮ ಮನೆಗಳೂ ಹಾಗೇ ನಡೆದುಕೊಂಡಿವೆ: ತೀರಿಕೊಂಡವರ ಫೋಟೋಕ್ಕೆ ಗಾಜಿನ ಮೇಲೆಯೇ, ಸರಿಯಾಗಿ ಹಣೆಯ ಜಾಗದಲ್ಲಿ ಕುಂಕುಮದ ಬೊಟ್ಟು, ಅದೇ ಗೋಡೆಯ ಮೇಲೆ ಬಸವಣ್ಣ ಅಥವಾ ಮಾಣಿಕ ಪ್ರಭು. ಇಷ್ಟಲಿಂಗವೂ ಒಂದು ವಸ್ತುವೇ ಅಲ್ಲವೇ, ವಸ್ತುವಿನ ಮೂಲಕ ಅನುಭಾವಕ್ಕೆ ಹೋಗಬಹುದೆಂದು ಶರಣರೇ ಒಪ್ಪಿದ ಮೇಲೆ ಫಿಲ್ಮಿಗೆ ಮಾತ್ರ ಯಾಕೆ ತಡೆ ಎಂಬ ಆಕ್ಷೇಪಕ್ಕೆ ಬಲವಿದೆ. ಆದರೆ ಎಡ ಅಂಗೈಯ ಮೇಲಿನ ಲಿಂಗವನ್ನು ಹತ್ತಿರದಿಂದ ನೋಡಿ. ಕರಿಯ ನುಣುಪಿನ ಮೇಲೆ ದೀಪದ ಬೆಳಕಿನ ಒಂದು ಚುಕ್ಕೆ, ಅದರಲ್ಲಿ ನೆಟ್ಟ ದೃಷ್ಟಿ. ಎಷ್ಟು ವರ್ಷ ನೋಡಿದರೂ ಲಿಂಗದ ಮೇಲೆ ಏನೂ ಮೂಡುವುದಿಲ್ಲ, ಬದಲಾಗಬೇಕಾದವನು ನೋಡುವವನು. ಫಿಲ್ಮಿನಲ್ಲಿ ಬದಲಾಗುವುದು ಫಿಲ್ಮು. ಇನ್ನೂ ಒಂದು ವ್ಯತ್ಯಾಸವಿದೆ, ನನಗೆ ಅದೇ ನಿರ್ಣಾಯಕ. ಲಿಂಗಾಯತರು ಸತ್ತಾಗ ಇಷ್ಟಲಿಂಗ ಅವರ ಕೈಯಲ್ಲೇ ಮಣ್ಣಿಗೆ ಹೋಗುತ್ತದೆ, ಮಗನ ಪಾಲಿಗೆ ಬರುವುದಿಲ್ಲ. ಮಗ ತನ್ನದನ್ನು ಗುರುವಿನಿಂದಲೇ ಪಡೆಯಬೇಕು. ಆಲ್ಬಮ್ ಮೊಮ್ಮಕ್ಕಳಿಗೆ ಬರುತ್ತದೆ. ಪಾಲಿಗೆ ಬರುವುದನ್ನೂ ಬಾರದಿರುವುದನ್ನೂ ಈ ಆಚಾರ ಇಷ್ಟು ಸ್ಪಷ್ಟವಾಗಿ ಬೇರೆ ಮಾಡಿರುವಾಗ ನಾವು ಅವನ್ನು ಬೆರೆಸಬಾರದು.

ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನವಿದೆ. ಮಾಣಿಕ ಪ್ರಭುಗಳು ಸಮಾಧಿಯಾದ ಅದೇ ದಶಕದಲ್ಲಿ ಅಮೆರಿಕದ ಬೋಸ್ಟನ್ನಿನ ವಿಲಿಯಂ ಮಮ್ಲರ್ ಎಂಬ ಛಾಯಾಗ್ರಾಹಕ, ದುಃಖದಲ್ಲಿದ್ದವರ ಬೆನ್ನ ಹಿಂದೆ ಅವರ ಸತ್ತ ಬಂಧುಗಳು ಮಸುಕಾಗಿ ಕಾಣುವ ಚಿತ್ರಗಳನ್ನು ಮಾರಿದ. 1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ವಂಚನೆಯ ವಿಚಾರಣೆ ನಡೆಯಿತು. ಶಿಕ್ಷೆಯಾಗಲಿಲ್ಲವಾದರೂ ಎರಡು ಚಿತ್ರಗಳನ್ನು ಒಂದರ ಮೇಲೊಂದು ಮೂಡಿಸಿ ಇಂಥದ್ದನ್ನು ಮಾಡಬಹುದೆಂದು ಕಸುಬಿನವರು ಹೇಳಿದರು. ಅಲ್ಲಿ ಕೆಡುಕಿದ್ದದ್ದು ಬೆಸುಗೆಯಲ್ಲಲ್ಲ, ಬೆಸುಗೆಯನ್ನು ಮುಚ್ಚಿಟ್ಟದ್ದರಲ್ಲಿ. ಇದಕ್ಕೆ ಎದುರಾಗಿ ಪಂಜಾಬಿನ ಉಮ್ರಾವ್ ಸಿಂಗ್ ಶೇರ್‌ಗಿಲ್ ಅವರನ್ನು ಇಡಬಹುದು. ಸಂಸ್ಕೃತ, ತತ್ವಶಾಸ್ತ್ರಗಳಲ್ಲಿ ಮುಳುಗಿದ್ದ ಅವರು ಹಲವು ದಶಕ ತಮ್ಮ ಕುಟುಂಬವನ್ನೂ, ಯೋಗದ ಶಿಸ್ತಿಗೆ ಒಗ್ಗಿದ ತಮ್ಮ ಅರೆಬತ್ತಲೆ ಮೈಯನ್ನೂ ಕ್ಯಾಮೆರಾದಲ್ಲಿ ಹಿಡಿದರು. ಚಿತ್ರ ಮೈಯನ್ನು ತೋರಿಸಿ ಸುಮ್ಮನಾಗುತ್ತದೆ, ಒಳಗಿನದರ ಬಗ್ಗೆ ಏನನ್ನೂ ಸಾಧಿಸಲು ಹೋಗುವುದಿಲ್ಲ. ಅವರ ಮೊಮ್ಮಗ ವಿವಾನ್ ಸುಂದರಂ 2001–02ರಲ್ಲಿ ಆ ಹಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಅಜ್ಜನನ್ನೂ ದೊಡ್ಡಮ್ಮ, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರನ್ನೂ ಒಂದೇ ಚೌಕಟ್ಟಿಗೆ ತಂದರು. ಜೋಡಣೆ ಜೋಡಣೆಯೆಂದೇ ತಿಳಿಯುವಂತಿತ್ತು. ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಜೊತೆ 2000ದಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಹೆಣ್ಣುಗಳ ಚಿತ್ರಮಾಲೆಯಲ್ಲಿ ಬಿಜಾಪುರ ಶೈಲಿಯ ಯೋಗಿನಿಯ ಚಿತ್ರವನ್ನು ತಾವೇ ವೇಷ ಧರಿಸಿ ಮರುರೂಪಿಸಿದರು. ವೇಷ ವೇಷವೆಂದೇ ಕಾಣುವುದರಿಂದ, ಯೋಗಿನಿಗೂ ಆಕೆಯ ಚಿತ್ರಕ್ಕೂ ನಡುವಿನ ದೂರ ನೋಡುವವರಿಗೆ ತಟ್ಟುತ್ತದೆ.

ಆಲ್ಬಮ್ಮಿನ ಬಗ್ಗೆ ಕೊನೆಯದಾಗಿ ಇನ್ನೊಂದು ಮಾತು ಉಳಿದಿದೆ. ಕಲ್ಯಾಣ, ಹುಮನಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಅವರ ಕ್ಯಾಮೆರಾದ ಮುಂದೆ ಕೂತವರು ಆರನೆಯ ನಿಜಾಮ, ಅಮೀರರು, ದೊಡ್ಡ ಅಧಿಕಾರಿಗಳು. ಹರಳಯ್ಯನ ಕಸುಬಿನವರ ಮನೆಯಲ್ಲಿ ಆ ಕಾಲದ ಫೋಟೋ ಎಲ್ಲಿಂದ ಬರಬೇಕು? ಮನೆತನದ ಚಿತ್ರಗಳೇ ಅನುಭಾವಕ್ಕೆ ದಾರಿಯೆಂದರೆ, ಚಿತ್ರ ತೆಗೆಸಿಕೊಳ್ಳಲು ಕಾಸಿದ್ದವರಿಗಷ್ಟೇ ಆ ದಾರಿ ತೆರೆದಂತಾಗುತ್ತದೆ. ಯಾರದೋ ಮನೆಯ ನೋವನ್ನು ತನ್ನದೆಂದು ಹೇಳಿಕೊಳ್ಳುವುದಕ್ಕಿಂತ ತನ್ನ ಮನೆಯದನ್ನು ಹೇಳುವುದು ಪ್ರಾಮಾಣಿಕವಲ್ಲವೇ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಹಾಗೆ ಹೇಳುವಾಗ ಅಜ್ಜನ ಫೋಟೋದಲ್ಲಿ ಅಜ್ಜನ ಜೊತೆ ಕೂತವರು ಯಾರು, ಚೌಕಟ್ಟಿನಾಚೆ ಛತ್ರಿ ಹಿಡಿದು ನಿಂತವನ ಹೆಸರೇನು ಎಂದೂ ಆ ಕಲಾವಿದ ಹುಡುಕಲಿ. ಕಲ್ಯಾಣದ ಶರಣರು ನೆಂಟಸ್ತನ ಬೆಳೆಸಿದ್ದು ಅಂಥವರ ಜೊತೆ.